ಮುಧೋಳದ ನಾಯಿ, ಮೂರನೇ ಮಹಡಿಯ ಮನೆ

ಗಂಡ-ಹೆಂಡತಿ ಜಗಳ ಅಂತ ಬಂದವರನ್ನು ಕೂರಿಸಿ ಕೇಳಿದರೆ ಕೆಲವೊಮ್ಮೆ ಮಾತು ಹೋಗಿ ನಿಲ್ಲುವುದು ಮನೆಯ ನಾಯಿಯ ಹತ್ತಿರ. ನಗು ಬರಬಹುದು, ಆದರೆ ಇಂಥದ್ದು ಮತ್ತೆ ಮತ್ತೆ ಬರುತ್ತಿದೆ. ಒಮ್ಮೆ ಹಸ್ಕಿ, ಒಮ್ಮೆ ಬೀಗಲ್, ಈ ಸಲ ಮುಧೋಳ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಬೆಂಗಳೂರಿನ ಅಪಾರ್ಟ್‌ಮೆಂಟ್. ಇಬ್ಬರೂ ಕೆಲಸಕ್ಕೆ ಹೋಗುವವರು. ಹೈಸ್ಕೂಲಿಗೆ ಹೋಗುವ ಮಗ, ಮಂಡಿನೋವಿನ ಅತ್ತೆ. ಒಂದು ವರ್ಷದ ನಾಯಿ ಸೋಫಾ ಹರಿದಿತ್ತು, ಬಾಗಿಲು ಕೆರೆದಿತ್ತು, ಅತ್ತೆಯನ್ನು ಒಮ್ಮೆ ಬೀಳಿಸಿತ್ತು. "ಇವಳಿಗೆ ಪ್ರಾಣಿ ಅಂದ್ರೇನೇ ಆಗಲ್ಲ" ಅನ್ನುವುದು ಗಂಡನ ದೂರು. ಮೊದಲು ಪಶುವೈದ್ಯರ ಹತ್ತಿರ ಕಳಿಸಿದೆ. ನಾಯಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಮುಂದಿನ ಭೇಟಿಯಲ್ಲಿ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ನಿನ್ನೆ ಬೆಳಗಿನಿಂದ ರಾತ್ರಿವರೆಗೆ ಏನೇನು ಮಾಡಿದಿರಿ ಬರೆಯಿರಿ ಅಂದೆ. ಗಂಡನ ಹಾಳೆಯಲ್ಲಿ ನಾಯಿ ಒಂದೇ ಕಡೆ ಇತ್ತು: ರಾತ್ರಿ ಹತ್ತಕ್ಕೆ, ಗೇಟಿನವರೆಗೆ, ಹತ್ತು ನಿಮಿಷ.

"ಮುಧೋಳವೇ ಯಾಕೆ ತಂದಿರಿ?"

"ನಮ್ಮ ಕರ್ನಾಟಕದ ತಳಿ ಮೇಡಂ. 2005ರಲ್ಲಿ ಅಂಚೆ ಚೀಟಿ ಕೂಡ ಬಂದಿದೆ. ಆಮೇಲೆ ನಾವು ಟ್ರೆಕ್ಕಿಂಗ್ ಹೋಗೋರು."

ಹೆಂಡತಿ ಬರೆಯುವುದನ್ನು ನಿಲ್ಲಿಸಿದರು. "ಕೊನೇ ಸಲ ಯಾವಾಗ ಹೋಗಿದ್ವಿ ರೀ?"

"ಕುದುರೆಮುಖ."

"ಅದು ಮಗ ಹುಟ್ಟೋಕ್ ಮುಂಚೆ." ಸ್ವಲ್ಪ ತಡೆದು ಮೆತ್ತಗೆ ಹೇಳಿದರು: "ನೀವು ನಾಯಿ ತಂದಿದ್ದು ನಮಗಲ್ಲ. ಆಗ ಇದ್ವಲ್ಲ, ಆ ಇಬ್ಬರಿಗೆ."

ಗಂಡ ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. ಅಲ್ಲಿಂದ ಮುಂದೆ ನಾಯಿಯ ಸುದ್ದಿಯೇ ಬರಲಿಲ್ಲ. ಬೆನ್ನುನೋವು, ರಾತ್ರಿಯ ಆಫೀಸ್ ಕಾಲ್‌ಗಳು, ನಲವತ್ತು ದಾಟಿದ ಬೇಜಾರು ಎಲ್ಲ ಹೊರಗೆ ಬಂತು. ಜಗಳಕ್ಕೆ ಮದ್ದು ಅಲ್ಲೇ ಶುರುವಾಯಿತು ಅಂತ ನನಗೆ ಈಗಲೂ ಅನಿಸುತ್ತದೆ.

ನಾಯಿಯ ವಿಷಯಕ್ಕೆ ನನ್ನ ಸಲಹೆ: ಊರಿನಲ್ಲಿ ಬೇಲಿ ಹಾಕಿದ ತೋಟ ಇರುವ ತಮ್ಮನಿಗೆ ಕೊಡಿ. ಮುಧೋಳ ಅಂದರೆ ಕಣ್ಣಿಗೆ ಬಿದ್ದ ಮೊಲವನ್ನು ಅಟ್ಟಿಕೊಂಡು ಹೋಗಲು ಬೆಳೆಸಿದ ಬೇಟೆ ನಾಯಿ. ಮನಸಾರೆ ಓಡಿ ಬಂದರೆ ಮನೆಯಲ್ಲಿ ಸುಮ್ನೆ ಮಲಗುತ್ತದೆ. ಗೇಟಿನವರೆಗಿನ ನಡಿಗೆ ಅದಕ್ಕೆ ಯಾವ ಮೂಲೆಗೂ ಸಾಲದು. ಹಾಗಂತ ನಗರದ ರಸ್ತೆಯಲ್ಲಿ ಬಿಚ್ಚಿ ಬಿಟ್ಟರೆ ಬೆಕ್ಕಿನ ಹಿಂದೆ ಓಡಿ ಗಾಡಿಗೆ ಸಿಕ್ಕಿಬಿಡಬಹುದು.

ಇಂಥ ಸಲಹೆಗೆ ಬೈಸಿಕೊಂಡಿದ್ದೇನೆ. "ಮಕ್ಕಳನ್ನೂ ಹೀಗೇ ಕೊಟ್ಟುಬಿಡ್ತೀರಾ?" ಅಂತ ಕೇಳುತ್ತಾರೆ. ಮಕ್ಕಳನ್ನು ಯಾರೂ ತಳಿ ನೋಡಿ, ದುಡ್ಡು ಕೊಟ್ಟು ತರುವುದಿಲ್ಲ, ಅಲ್ವಾ? ಬೀದಿಯಲ್ಲಿ ಬಿಟ್ಟು ಬರುವುದು ಬೇರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧ. ಗೊತ್ತಿರುವ, ಜಾಗ ಇರುವ ಮನೆಗೆ ಒಪ್ಪಿಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಮಗ ಮಾತ್ರ ಕೆಲವು ದಿನ ಅಪ್ಪನ ಜೊತೆ ಮಾತು ಬಿಟ್ಟ. ಅವನೇ ಹೋಗಿ ಬಿಟ್ಟು ಬರಲಿ, ರಜೆಗೆ ಅಲ್ಲಿಗೇ ಹೋಗಲಿ ಅಂದೆ.

ನಾಯಿ ತರುವವರು ಚಂದ ನೋಡುವ ಮೊದಲು ಅದರ ಪೂರ್ವಜರ ಕೆಲಸ ನೋಡಬೇಕು. ಹಸ್ಕಿ ಹಿಮದಲ್ಲಿ ಗಾಡಿ ಎಳೆದದ್ದು. ಬೀಗಲ್ ವಾಸನೆ ಹಿಡಿದು ಕೂಗುತ್ತಾ ಹೋಗುವಂಥದ್ದು, ನೆರೆಯವರಿಗೂ ಅದು ಗೊತ್ತಾಗುತ್ತದೆ. ಪಗ್‌ಗೆ ಓಡಾಟ ಕಮ್ಮಿ ಸಾಕು, ಆದರೆ ಚಪ್ಪಟೆ ಮೂತಿಯಿಂದಾಗಿ ಸೆಕೆಯಲ್ಲಿ ಉಸಿರಾಟದ ಕಷ್ಟ. ಮರಿಯ ಸ್ವಭಾವ ಮುಂದೆ ಹೇಗಾಗುತ್ತದೋ ಹೇಳುವುದು ಕಷ್ಟ. ಇಂಥ ಮನೆಗಳಿಗೆ ನಾನು ಹೇಳುವುದು, ಆಶ್ರಯಧಾಮದಲ್ಲಿರುವ ಮೂರು-ನಾಲ್ಕು ವರ್ಷದ ಶಾಂತ ನಾಟಿ ನಾಯಿ. ನೋಡಿಕೊಳ್ಳುವವರಿಗೆ ಅದರ ಗುಣ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತಾರೆ.

ಮೊನ್ನೆ ಆ ಗಂಡ ಫೋನ್ ಮಾಡಿದ್ದರು. "ಲ್ಯಾಬ್ರಡಾರ್ ಮರಿ ತರಬಹುದಾ ಮೇಡಂ? ಅದು ಸಾಧು ಅಲ್ವಾ?" ಸಾಧು ಹೌದು, ಆದರೆ ಮೊದಲ ಎರಡು-ಮೂರು ವರ್ಷ ಕುಣಿದಾಟ ಜಾಸ್ತಿ. ಪಕ್ಕದಲ್ಲೇ ಮಂಡಿನೋವಿನ ಅಮ್ಮ ಇದ್ದಾರೆ. ಒಂದು ತಿಂಗಳು ನಾಯಿ ಇಲ್ಲದೆಯೇ ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ, ಮಳೆ ಬಂದರೂ ವಾಕಿಂಗ್ ಹೋಗಿ, ಆಮೇಲೆ ಮಾತಾಡೋಣ ಅಂದಿದ್ದೇನೆ.