ಗುಡ್ಡಕ್ಕೆ ಹತ್ತಾರು ತಾಯಿಮರ, ತೋಟಕ್ಕೆ ಒಂದೇ

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದವರು ಸೇರಿ ನರ್ಸರಿ ಮಾಡಿದ್ದೇವೆ. ಊರ ಹಿಂದಿನ ಬೋಳು ಗುಡ್ಡದಲ್ಲಿ ನೆಡಲು ಹುಣಸೆ, ನೇರಳೆ, ಬೇವು, ಹೊಂಗೆ ಬೆಳೆಸುತ್ತೇವೆ. ಈಗ ರೈತರು ಹಲಸಿನ ಸಸಿ ಕೇಳುತ್ತಿದ್ದಾರೆ. ಊರಿನಲ್ಲೇ ಕೆಂಪು ತೊಳೆಯ ಒಳ್ಳೆಯ ಮರವೊಂದಿದೆ. ಅದರ ಬೀಜದಿಂದ ಸಸಿ ಮಾಡಿ ಕೊಡಬಹುದೇ? ಇನ್ನೊಂದು ವಿಷಯ: ನರ್ಸರಿಯಲ್ಲಿ ನಳನಳಿಸುತ್ತಿದ್ದ ಸಸಿಗಳು ಗುಡ್ಡಕ್ಕೆ ಹೋದ ಮೇಲೆ ಅರ್ಧಕ್ಕರ್ಧ ಒಣಗಿದವು. ಏಕೆ?
– ಸಂಘದ ಸದಸ್ಯೆ, ಗುಬ್ಬಿ ತಾಲ್ಲೂಕು

ಉತ್ತರ: ಬೀಜದ ಸಸಿಯನ್ನು ಆ ಮರದ ಹೆಸರು ಹೇಳಿ ಕೊಡಬೇಡಿ. ಹಲಸಿನ ಹೂವಿಗೆ ಬೇರೆ ಮರದ ಪರಾಗ ಬೀಳುತ್ತದೆ. ಒಂದೇ ಹಣ್ಣಿನ ಹತ್ತು ಬೀಜ ಹಾಕಿದರೆ ಒಂದರ ತೊಳೆ ಗಟ್ಟಿ, ಇನ್ನೊಂದರದು ಮೆತ್ತಗೆ, ಮತ್ತೊಂದು ಬರೀ ಸಪ್ಪೆ. ಅದು ಗೊತ್ತಾಗುವ ಹೊತ್ತಿಗೆ ಏಳೆಂಟು ವರ್ಷ ಕಳೆದಿರುತ್ತದೆ, ರೈತರು ನಿಮ್ಮ ಬಾಗಿಲಿಗೇ ಬರುತ್ತಾರೆ.

ನಿಮ್ಮ ತಾಲ್ಲೂಕಿನಲ್ಲೇ ಉದಾಹರಣೆ ಇದೆ. ಚೇಳೂರಿನ ರೈತರೊಬ್ಬರ ತೋಟದ ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸು ಹೆಸರಾದದ್ದು ಕಸಿಯಿಂದ, ಬೀಜದಿಂದಲ್ಲ. ಯಾವುದೋ ಹಲಸಿನ ಬೀಜದ ಸಸಿ ಬೇರುಗಿಡವಾಗಲಿ, ಅಂದರೆ ಬುಡವಾಗಲಿ, ಅದರ ಮೇಲೆ ಕೂಡಿಸುವ ಕಸಿಕಡ್ಡಿ ಮಾತ್ರ ನಿಮ್ಮ ಕೆಂಪು ತೊಳೆಯ ಮರದ್ದೇ ಆಗಿರಲಿ. ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ, ವಾರ ಹತ್ತು ದಿನ ಮೊದಲೇ ಎಲೆಯ ತೊಟ್ಟು ಉಳಿಸಿ ಎಲೆ ಕತ್ತರಿಸಿಬಿಟ್ಟರೆ ಮೊಗ್ಗು ಉಬ್ಬಿ ಕಸಿಗೆ ಬರುತ್ತದೆ. ಕೈ ಕುದುರಬೇಕಾದರೆ ತುಮಕೂರಿನ ಪಕ್ಕದ ಹಿರೇಹಳ್ಳಿಯಲ್ಲಿರುವ ತೋಟಗಾರಿಕಾ ಸಂಶೋಧನಾ ಕೇಂದ್ರಕ್ಕೆ ಹೋಗಿ ಕಲಿಯಿರಿ. ‘ಸಿದ್ದು’ ಹೆಸರಿನಲ್ಲಿ ಮಾರುವ ಯೋಚನೆಯಿದ್ದರೆ ಅನುಮತಿಯ ಮಾತನ್ನೂ ಅಲ್ಲೇ ಕೇಳಿ. ಬೇರುಗಿಡಕ್ಕೆಂದು ಹಾಕುವ ಹಲಸಿನ ಬೀಜ ಒಣಗಿದರೆ ಸತ್ತಂತೆ. ತೊಳೆ ತಿಂದ ವಾರದೊಳಗೆ ಬಿತ್ತಿ. ನೇರಳೆ, ಬೇವಿನ ಬೀಜಕ್ಕೂ ಆಯಸ್ಸು ಕಡಿಮೆ. ಹುಣಸೆ ಬೀಜವನ್ನು ಮಾತ್ರ ಡಬ್ಬಿಯಲ್ಲಿಟ್ಟು ನಿಧಾನವಾಗಿ, ರಾತ್ರಿ ನೆನೆಸಿ ಹಾಕಬಹುದು.

ಗುಡ್ಡದ ಲೆಕ್ಕ ಇದಕ್ಕೆ ತಿರುವುಮುರುವು. ಅಲ್ಲಿ ಒಂದೇ ತಾಯಿಮರದ ಮಕ್ಕಳನ್ನು ನೆಡಬಾರದು, ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲಬಹುದು. ಸುತ್ತಲಿನ ಊರುಗಳ ಹತ್ತಾರು ಮರಗಳಿಂದ, ದೂರ ದೂರದ ಮರಗಳಿಂದ ಬೀಜ ಆರಿಸಿ ಬೆರೆಸಿ. ಶಾಲೆಯ ಪಕ್ಕದ ಹುಣಸೆಯಡಿ ಒಂದೇ ಮಧ್ಯಾಹ್ನದಲ್ಲಿ ಚೀಲ ತುಂಬಿಕೊಳ್ಳುವುದು ಸುಲಭ, ನಿಜ. ಆದರೂ ಬೇಡ.

ಒಣಗಿದ ಸಸಿಗಳ ವಿಷಯಕ್ಕೆ ಬರೋಣ. ಉಳಿದಿರುವ ಒಂದು ಚೀಲವನ್ನು ಬ್ಲೇಡಿನಿಂದ ಸೀಳಿ, ಮಣ್ಣು ಉದುರಿಸಿ ನೋಡಿ. ತಾಯಿಬೇರು ತಳದಲ್ಲಿ ಸಿಂಬೆಯಂತೆ ಸುತ್ತಿಕೊಂಡಿದ್ದರೆ ಕಾರಣ ಸಿಕ್ಕಿತು. ಅಂಥ ಬೇರು ಗುಂಡಿಗೆ ಹೋದ ಮೇಲೂ ಸುತ್ತುತ್ತಲೇ ಇರುತ್ತದೆ, ಕೆಳಗಿನ ತೇವಕ್ಕೆ ಇಳಿಯುವುದಿಲ್ಲ. ಸಣ್ಣ ಚೀಲದಲ್ಲಿ ವರ್ಷಗಟ್ಟಲೆ ಸಸಿ ಇಡಬೇಡಿ. ಚೀಲ ತೂತು ಮಾಡಿಕೊಂಡು ನೆಲಕ್ಕಿಳಿದ ಬೇರು ಇನ್ನೊಂದು ತಾಪತ್ರಯ. ಸಾಗಿಸುವ ದಿನ ಅದು ಪಟ್ಟನೆ ಕಿತ್ತುಬರುತ್ತದೆ. ತಿಂಗಳಿಗೊಮ್ಮೆ ಚೀಲಗಳನ್ನು ಎತ್ತಿ ಜಾಗ ಬದಲಿಸಿದರೆ ಈ ಕಾಟ ತಪ್ಪುತ್ತದೆ.

ನೆಡುವ ಒಂದು ತಿಂಗಳು ಮೊದಲೇ ನೆರಳುಬಲೆ ತೆಗೆದು ನೀರು ಕಡಿಮೆ ಮಾಡಿ. ದಿನಕ್ಕೆರಡು ಸಲ ನೀರು ಕುಡಿದ ಸಸಿ ನಿಮ್ಮ ಗುಡ್ಡದ ಬಿಸಿಲಿಗೆ ಬಾಳದು. ಗುಂಡಿ ಬೇಸಿಗೆಯಲ್ಲೇ ತೆಗೆದಿಡಿ. ಜೂನ್ ತಿಂಗಳ ಮೊದಲ ಮಳೆ ನಂಬಿ ನೆಡಬೇಡಿ, ಮಣ್ಣು ಒಂದು ಅಡಿ ನೆಂದ ಮೇಲೆ ನೆಡಿ. ತುಮಕೂರಿನ ಕಡೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತದ ಮಳೆ ಬರುವಷ್ಟರಲ್ಲಿ ಬೇರು ಹಿಡಿದಿರಬೇಕು.