ಹಂಪಿಯ ಪ್ರಶ್ನೆ ಬೇರೆ, ಕೆಲಸದ ಪ್ರಶ್ನೆ ಬೇರೆ

ಓದುಗರ ಪತ್ರ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವಳು. ಬಿಎಸ್ಸಿ ಸಸ್ಯಶಾಸ್ತ್ರ, ಕೊನೆಯ ವರ್ಷ. ಓಣಂ ರಜೆಯಲ್ಲಿ ಗೆಳತಿಯರ ಜೊತೆ ಹಂಪಿಗೆ ಹೋಗಿದ್ದೆ. ಹೋಟೆಲಿನವರು, ‘ಕೇರಳದವರಾ? ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀರಿ!’ ಅಂದರು. ಹೋದ ವರ್ಷ ತಿರುವನಂತಪುರದಲ್ಲಿ, ‘ಮಂಗಳೂರಿನವಳಾ?’ ಅಂತ ಕೇಳಿದ್ದರು. ಹಾಗಾದರೆ ನಾನು ಎಲ್ಲಿಯವಳು? ಅಪ್ಪ ಬಿ.ಎಡ್. ಮಾಡು ಅನ್ನುತ್ತಾರೆ. ನನಗೆ ಬೆಂಗಳೂರಿಗೆ ಹೋಗಿ ಯಾವುದಾದರೂ ಒಂದು ಕೆಲಸ ಹಿಡಿದರೆ ಸಾಕು ಅನಿಸುತ್ತಿದೆ. ಸದ್ಯಕ್ಕೆ ಸಂಜೆ ಹೊತ್ತು ಅಜ್ಜಿ ಹೇಳುವ ಗಿಡಗಳ ಹೆಸರು ಬರೆದುಕೊಳ್ಳುತ್ತಾ ಕೂತಿರುತ್ತೇನೆ, ಅಷ್ಟೇ. ಏನು ಮಾಡಲಿ? (ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ:

ಪ್ರೀತಿಯ ತಂಗಿ,

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಸಿಕ್ಕು ಹಾಕಿಕೊಂಡಿವೆ. ‘ನಾನು ಎಲ್ಲಿಯವಳು’ ಎನ್ನುವುದು ಒಂದು. ‘ಪದವಿ ಆದ ಮೇಲೆ ಏನು’ ಎನ್ನುವುದು ಇನ್ನೊಂದು. ಮೊದಲನೆಯದರ ನೋವಿನಿಂದ ಎರಡನೆಯದಕ್ಕೆ ಉತ್ತರ ಹುಡುಕಬೇಡಿ. ಇದನ್ನು ಹೇಳಲಿಕ್ಕೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹೋಟೆಲಿನವರು ಮೆಚ್ಚಿಯೇ ಆಡಿದ ಮಾತು ಅದು. ಆದರೂ ನೋಯುತ್ತದೆ, ನನಗೆ ಗೊತ್ತು. 1956ರ ನವೆಂಬರ್ 1ರವರೆಗೆ ನಮ್ಮ ಊರು ಮಂಗಳೂರಿನ ಜೊತೆ ಒಂದೇ ಜಿಲ್ಲೆಯಲ್ಲಿತ್ತು ಎಂಬುದು ಅವರಿಗೆ ಹೇಗೆ ಗೊತ್ತಿರಬೇಕು? ಮಂಜೇಶ್ವರದಲ್ಲಿ ಕೂತು ಬರೆದ ಗೋವಿಂದ ಪೈಗಳನ್ನು ಪಾಠದಲ್ಲಿ ಓದಿದವರೂ ಮಂಜೇಶ್ವರ ಈಗ ಯಾವ ರಾಜ್ಯದಲ್ಲಿದೆ ಎಂದು ಯೋಚಿಸಿರುವುದಿಲ್ಲ. ಇನ್ನೊಂದು ಸಲ ಯಾರಾದರೂ ಹಾಗೆ ಕೇಳಿದರೆ ಬೇಕಲ ಕೋಟೆಯ ಸುದ್ದಿ ಹೇಳಿ. ಹಂಪಿಯ ಅರಸರ ಕೈಕೆಳಗಿದ್ದ ಕೆಳದಿಯ ನಾಯಕರು ಮುಂದೆ ಸ್ವತಂತ್ರರಾದ ಮೇಲೆ, ಹದಿನೇಳನೇ ಶತಮಾನದಲ್ಲಿ ಕಟ್ಟಿಸಿದ ಕೋಟೆ ಅದು. ಕಾಸರಗೋಡು ಪೇಟೆಗಿಂತಲೂ ತೆಂಕಕ್ಕಿದೆ.

ನಾನೂ ನಿಮ್ಮ ವಯಸ್ಸಿನಲ್ಲಿ ಸಿಟ್ಟಿನಿಂದಲೇ ಊರು ಬಿಟ್ಟವನು. ಒಂದು ಕಚೇರಿಯಲ್ಲಿ ಮಲಯಾಳದ ಅರ್ಜಿ ಕೈಗೆ ಕೊಟ್ಟು, ಓದಲು ಬಾರದಿದ್ದರೆ ಬರುವವರನ್ನು ಕರೆದುಕೊಂಡು ಬಾ ಎಂದಿದ್ದರು. ಮರುವಾರವೇ ಬೆಂಗಳೂರಿನ ಬಸ್ಸು ಹತ್ತಿದೆ. ಮಲಯಾಳ ಕಲಿಯುವುದಿಲ್ಲ ಎಂದು ಹಟ ಹಿಡಿದೆ. ಹದಿನೈದು ವರ್ಷ ಕಳೆದು ಅಪ್ಪ ತೀರಿಕೊಂಡಾಗ ಜಾಗದ ಕಾಗದಪತ್ರ ನನ್ನ ಕೈಗೆ ಬಂತು. ಅಪ್ಪನ ಹೆಸರು ಎಲ್ಲಿದೆ ಎಂದು ನೆರೆಮನೆಯ ಹುಡುಗ ಬೆರಳಿಟ್ಟು ತೋರಿಸಬೇಕಾಯಿತು. ಆ ದಿನದ ಸಂಕಟ ಇವತ್ತಿಗೂ ಇದೆ. ಕನ್ನಡದಲ್ಲಿ ಅರ್ಜಿ ಕೊಡಿ ಎಂದು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರಬೇಕು. ಆದರೆ ಅಕ್ಷರ ಕಲಿಯದೆ ನಾನು ಸೋಲಿಸಿದ್ದು ನನ್ನನ್ನೇ. ನೀವು ಮಲಯಾಳ ಮಾತಾಡುತ್ತೀರಿ, ಅಲ್ವಾ? ಓದುವುದು ಬರೆಯುವುದನ್ನೂ ಈ ವರ್ಷವೇ ಗಟ್ಟಿ ಮಾಡಿಕೊಳ್ಳಿ.

ಈಗ ಕೆಲಸದ ಮಾತು. ನಿಮ್ಮ ಅಪ್ಪ ಹೇಳುವ ದಾರಿ ತೆಗೆದುಹಾಕುವಂಥದ್ದಲ್ಲ. ಬಿ.ಎಡ್. ಮಾಡಿ, ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾದರೆ ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಜೀವಶಾಸ್ತ್ರ ಕಲಿಸಬಹುದು. ಕೇರಳದ ಪಿಎಸ್‌ಸಿ (ಲೋಕಸೇವಾ ಆಯೋಗ) ಕನ್ನಡ ಮಾಧ್ಯಮದ ಹುದ್ದೆಗಳಿಗೆ ಬೇರೆಯೇ ಅರ್ಜಿ ಕರೆಯುತ್ತದೆ. ಪ್ರತಿವರ್ಷ ಕರೆಯುವುದಿಲ್ಲ, ಕಾಯುವ ತಾಳ್ಮೆ ಬೇಕು. ಕನ್ನಡ ಬಾರದ ಮೇಷ್ಟ್ರು ಕನ್ನಡ ಮಾಧ್ಯಮದ ತರಗತಿಗೆ ಬಂದರೆ ಮಕ್ಕಳ ಪಾಡು ಏನು ಅಂತ ನಮ್ಮೂರಿನವರು ಕಣ್ಣಾರೆ ನೋಡಿದ್ದಾರೆ. ನಿಮ್ಮಂಥವರು ಆ ಬೋರ್ಡಿನ ಮುಂದೆ ನಿಲ್ಲಬೇಕು ಎಂಬ ಆಸೆ ನನಗಿದೆ, ಮುಚ್ಚಿಡುವುದಿಲ್ಲ. ಆದರೆ ಪಾಠ ಮಾಡುವುದು ನಿಮಗೆ ಇಷ್ಟವಾ? ಪತ್ರದಲ್ಲಿ ಆ ಮಾತೇ ಇಲ್ಲ.

ಇಷ್ಟವಿರುವುದು ಯಾವುದೆಂದು ಮಾತ್ರ ಚೆನ್ನಾಗಿ ಕಾಣುತ್ತದೆ. ‘ಅಷ್ಟೇ’ ಎಂದು ತಳ್ಳಿಬಿಟ್ಟಿರಲ್ಲ, ಆ ಅಜ್ಜಿಯ ಗಿಡಗಳ ಪುಸ್ತಕ.

ಹದಿನೇಳನೇ ಶತಮಾನದಲ್ಲಿ ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡೆ ಮಲಬಾರಿನ ಗಿಡಮರಗಳ ಬಗ್ಗೆ ‘ಹೊರ್ತುಸ್ ಮಲಬಾರಿಕುಸ್’ ಎಂಬ ಪುಸ್ತಕ ಮಾಡಿಸಿದರು. 1678ರಿಂದ 1693ರವರೆಗೆ ಹನ್ನೆರಡು ಸಂಪುಟ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಗಿಡದ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುದನ್ ಎಂಬ ನಾಟಿ ವೈದ್ಯರು ಮತ್ತು ಮೂವರು ಕೊಂಕಣಿ ವೈದ್ಯರು. ಚಿತ್ರಗಳ ಮೇಲೆ ಗಿಡದ ಹೆಸರನ್ನು ಮಲಯಾಳ, ಅರಬಿ, ನಾಗರಿ ಲಿಪಿಗಳಲ್ಲೂ ಬರೆದಿದ್ದಾರೆ. ಊರಿನವರ ಬಾಯಲ್ಲಿ ಇದ್ದ ಹೆಸರೇ ಅಲ್ಲಿ ವಿಜ್ಞಾನವಾಯಿತು.

ನಿಮ್ಮ ಅಜ್ಜಿ ತುಳುವಿನಲ್ಲಿ ತಿಮರೆ ಅನ್ನುವುದು ಶಾಲೆಯ ಕನ್ನಡದಲ್ಲಿ ಒಂದೆಲಗ. ಹವ್ಯಕರ ಮನೆಯಲ್ಲಿ ಉರಗೆ. ಮಲಯಾಳದಲ್ಲಿ ಮುತ್ತಿಳ್. ನಿಮ್ಮ ಪಠ್ಯದಲ್ಲಿ ಸೆಂಟೆಲ್ಲಾ ಏಷ್ಯಾಟಿಕಾ. ಈ ಐದೂ ಹೆಸರು ಒಂದೇ ಗಿಡದ್ದು ಎಂದು ತೋಟದ ಬದುವಿನಲ್ಲಿ ನಿಂತು ಹೇಳಬಲ್ಲವರು ಎಷ್ಟು ಜನ ಇದ್ದಾರೆ? ಹಂಪಿಯಲ್ಲೂ ತಿರುವನಂತಪುರದಲ್ಲೂ ನಿಮ್ಮನ್ನು ಹೊರಗಿನವಳು ಅನ್ನಿಸಿದ ಅದೇ ನಾಲ್ಕು ನುಡಿಗಳು ಈ ಕೆಲಸಕ್ಕೆ ಬೇಕು.

ಆದ್ದರಿಂದ ಎಂಎಸ್ಸಿ ಯೋಚಿಸಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನ ಇದೆ. ಸೇರಲು ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಈಚಿನ ವರ್ಷಗಳಲ್ಲಿ ಅದರ ಅರ್ಜಿ ಡಿಸೆಂಬರ್–ಜನವರಿ ಹೊತ್ತಿಗೇ ಬರುತ್ತಿದೆ. ಪದವಿ ಪರೀಕ್ಷೆ ಮುಗಿಯಲಿ ಎಂದು ಕಾದರೆ ಒಂದು ವರ್ಷ ಹೋಯಿತೆಂದೇ ಲೆಕ್ಕ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವೂ ನಿಮಗೆ ದೂರವಲ್ಲ. ಅದಕ್ಕೂ ಮೊದಲು ಒಂದು ಶನಿವಾರ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರಕ್ಕೆ ಹೋಗಿ ಬನ್ನಿ, ಪೆರ್ಲದಿಂದ ಗಡಿ ದಾಟಿದರೆ ಆಯಿತು. ಅದು ನಮ್ಮ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯದ್ದೇ ಶಾಖೆ. 1916ರಲ್ಲಿ ಕಾಸರಗೋಡಿನಲ್ಲಿ ತೆಂಗಿಗಾಗಿ ಶುರುವಾದ ಕೇಂದ್ರವೇ ಇವತ್ತಿನ ಸಿಪಿಸಿಆರ್‌ಐ. ಅಲ್ಲಿ ಯೋಜನೆಗಳಿಗೆ ತಾತ್ಕಾಲಿಕ ಸಹಾಯಕರನ್ನು ನೇರ ಸಂದರ್ಶನ ಮಾಡಿ ತೆಗೆದುಕೊಳ್ಳುವುದಿದೆ. ಕೊಳೆರೋಗ, ಹಳದಿ ಎಲೆ ರೋಗ ಎಲ್ಲ ನಿಮಗೆ ಪುಸ್ತಕದ ಮಾತಲ್ಲ, ಮನೆ ತೋಟದ್ದು. ಅದನ್ನು ಸಂದರ್ಶನದಲ್ಲಿ ಧೈರ್ಯವಾಗಿ ಹೇಳಿ.

ಬೆಂಗಳೂರು ಬೇಡ ಅನ್ನುತ್ತಿಲ್ಲ. ‘ಯಾವುದಾದರೂ ಒಂದು ಕೆಲಸ’ ಎಂಬ ಮಾತು ನನಗೆ ಕಳವಳ ತಂದಿತು. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಣಗಿಸಿಟ್ಟ ಗಿಡಗಳ ಒಳ್ಳೆಯ ಸಂಗ್ರಹ ಇದೆ. ಅದನ್ನು ನೋಡಬೇಕು ಎಂದು ಹೋಗಿ, ಖುಷಿಯಿಂದ ಕಳಿಸುತ್ತೇನೆ. ಹೋಟೆಲಿನವರ ಮಾತಿನ ನೋವಿಗೆ ಮಾತ್ರ ಹೋಗಬೇಡಿ.

ಪುಸ್ತಕದ ಮೊದಲ ಹತ್ತು ಪುಟಗಳ ಫೋಟೊ ತೆಗೆದು ನಮಗೆ ಕಳಿಸಿ. ಚೆನ್ನಾಗಿ ಬರೆದಿಲ್ಲ, ಮತ್ತೆ ನಕಲು ಮಾಡಿ ಕಳಿಸುತ್ತೇನೆ ಎಂದು ತಡ ಮಾಡಬೇಡಿ. ಗಿಡ ಎಲ್ಲಿ ಸಿಕ್ಕಿತು, ಯಾವ ತಿಂಗಳು, ಅಜ್ಜಿ ಅದನ್ನು ಯಾವುದಕ್ಕೆ ಬಳಸುತ್ತಿದ್ದರು ಎಂಬುದು ಪಕ್ಕದಲ್ಲಿರಲಿ. ತುಳು ಹೆಸರುಗಳು ಅವರ ಬಾಯಲ್ಲಿ ಹೇಗೆ ಬಂದವೋ ಹಾಗೇ ಇರಲಿ, ತಿದ್ದಬೇಡಿ.