ಹಳೇ ಪೇಪರ್ ಕೇಳಿ ಬಂದವರು

(ಶ್ರೀನಿವಾಸಪುರ ಕಡೆಯವರು, ತುಮಕೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರ ಪತ್ರದ ಸಾರ: "ತರಬೇತಿಗೆಂದು ಒಂದು ತಿಂಗಳು ವಾಚನಾಲಯದಲ್ಲಿ ಕೂತಿದ್ದೆ. ಕ್ಯಾಟಲಾಗ್ ಮುಟ್ಟಿದವರು ಒಬ್ಬರೂ ಇಲ್ಲ. ಪಕ್ಕದವರನ್ನು ಕೇಳುತ್ತಾರೆ, ಇಲ್ಲವೇ ಫೋನ್ ಮಾಡುತ್ತಾರೆ. ನಮ್ಮಪ್ಪನೂ ಅಷ್ಟೇ, ಟೊಮೆಟೊ ಧಾರಣೆ ಪೇಪರಿನಲ್ಲೇ ಇದ್ದರೂ ಮಂಡಿಗೆ ಫೋನ್ ಮಾಡುತ್ತಾರೆ. ಜನ ಸೋಮಾರಿಗಳೋ, ನಮ್ಮ ಓದೇ ದಂಡವೋ?")

ಎರಡೂ ಅಲ್ಲ. ಮೊದಲು ನಿಮ್ಮ ತಂದೆಯವರ ಪರ ವಕಾಲತ್ತು ವಹಿಸುತ್ತೇನೆ. ಪೇಪರಿನಲ್ಲಿರುವುದು ನಿನ್ನೆಯ ಧಾರಣೆ. 15 ಕೆ.ಜಿ. ಬಾಕ್ಸಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು. ಅವರಿಗೆ ಗೊತ್ತಾಗಬೇಕಿರುವುದು ಇವತ್ತೇ ಹಣ್ಣು ಕೀಳಿಸಬೇಕೋ, ಎರಡು ದಿನ ತಡೆಯಬೇಕೋ ಎಂದು. ಕೋಲಾರ ಎಪಿಎಂಸಿಗೆ ಮಾಲು ಎಷ್ಟು ಬಿದ್ದಿದೆ, ಹೊರರಾಜ್ಯದ ಲಾರಿಗಳು ನಿಂತಿವೆಯೇ ಎಂಬುದನ್ನು ಅಲ್ಲಿ ನಿಂತು ನೋಡಿದವರೇ ಹೇಳಬೇಕು. ಮಂಡಿಯವರು ತಮ್ಮ ಅನುಕೂಲಕ್ಕೆ ತಕ್ಕಂತೆ ಹೇಳಿಯಾರು ಎಂಬುದೂ ರೈತನಿಗೆ ಗೊತ್ತು. ಅದಕ್ಕೇ ಮೂರು ಕಡೆ ಫೋನ್ ಮಾಡುತ್ತಾನೆ. ಮನುಷ್ಯ ಕಡಿಮೆ ಶ್ರಮದ ದಾರಿಯನ್ನೇ ಹಿಡಿಯುತ್ತಾನೆ ಎಂಬ ಅಮೆರಿಕದ ಭಾಷಾಶಾಸ್ತ್ರಜ್ಞ ಜಿಫ್ ಅವರ 1949ರ ಮಾತನ್ನು ಎತ್ತಿದ್ದೀರಿ. ಮೂರು ಕಡೆ ವಿಚಾರಿಸಿ ತಾಳೆ ನೋಡುವುದು ಕಡಿಮೆ ಶ್ರಮವೇನಮ್ಮಾ?

ಇನ್ನು ನಿಮ್ಮ ಓದಿನ ವಿಷಯ. ಹಿಂದೊಮ್ಮೆ ನಮ್ಮ ಪತ್ರಿಕೆಯ ಕಚೇರಿಗೆ ಹಿರಿಯರೊಬ್ಬರು ಬಂದು, "ಉಗಾದಿ ಆಸುಪಾಸಿನ ಪೇಪರ್ ಇದ್ರೆ ಕೊಡಿ" ಅಂದರು. ಕಟ್ಟು ಇಳಿಸಿ ಕೊಟ್ಟು ನನ್ನ ಪ್ರೂಫ್ ತಿದ್ದಲು ಕೂತೆ. ಒಂದು ಗಂಟೆ ಕಳೆಯಿತು. ಹೆಬ್ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತಲೇ ಇದ್ದರು, ಆದರೆ ಕಣ್ಣು ಸುದ್ದಿಯ ಮೇಲಿರಲಿಲ್ಲ, ಪುಟದ ಕೆಳಗಿನ ಸಣ್ಣಕ್ಷರದ ಮೇಲಿತ್ತು. ಏನು ಹುಡುಕುತ್ತಿದ್ದೀರಿ ಎಂದು ಆಗ ಕೇಳಿದೆ. "ಜಮೀನಿನ ವಿಷ್ಯ." ಯಾವ ಜಮೀನು? ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮ ಮಾರ್ತಾನಂತೆ, ಪೇಪರಲ್ಲಿ ಹಾಕ್ಸಿದಾನಂತೆ" ಅಂದರು. ಅವರು ಹುಡುಕುತ್ತಿದ್ದದ್ದು ವಕೀಲರು ಕೊಡಿಸುವ ಸಾರ್ವಜನಿಕ ಪ್ರಕಟಣೆ. "ತಕರಾರಿದ್ದಲ್ಲಿ 7 ದಿನಗಳೊಳಗೆ ತಿಳಿಸತಕ್ಕದ್ದು" ಅಂತ ಇರುತ್ತದಲ್ಲ, ಅದು. ಹತ್ತು ನಿಮಿಷದಲ್ಲಿ ಸಿಕ್ಕಿತು. ಜೇಬಿನಿಂದ ಚೀಟಿ ತೆಗೆದು ಸರ್ವೆ ನಂಬರ್ ತಾಳೆ ನೋಡಿದರು. ಆಮೇಲೆ ಬಂದದ್ದು ಅವರ ನಿಜವಾದ ಪ್ರಶ್ನೆ: "ನನ್ನ ಹೆಸರು ಎಲ್ಲಾದ್ರೂ ಬರೆದವ್ರಾ?" ಇರಲಿಲ್ಲ. ಗಡುವೂ ಮುಗಿದಿತ್ತು. ಗಡುವು ದಾಟಿದ ಮಾತ್ರಕ್ಕೆ ಹಕ್ಕು ಹೋಗಿಬಿಡುವುದಿಲ್ಲ, ಇವತ್ತೇ ವಕೀಲರನ್ನು ಕಾಣಿ ಎಂದೆ.

ಗ್ರಂಥಾಲಯಕ್ಕೆ ಬಂದವರು ಪ್ರಶ್ನೆ ಕೇಳುವ ಬಗೆಯ ಮೇಲೆ ರಾಬರ್ಟ್ ಟೇಲರ್ 1968ರಲ್ಲಿ ಬರೆದ ಪ್ರಬಂಧ ನಿಮ್ಮ ಪಠ್ಯದಲ್ಲಿ ಬಂದಿರಬೇಕು. ಪ್ರಶ್ನೆಗೆ ನಾಲ್ಕು ಹಂತ ಎನ್ನುತ್ತಾರೆ ಅವರು. ಮೊದಲು ಹೇಳಲಾಗದ ಕಸಿವಿಸಿ, ಮತ್ತೆ ಮನಸ್ಸಿನಲ್ಲೇ ಅರೆಬರೆ ಮೂಡಿದ ರೂಪ, ಆಮೇಲೆ ಸರಿಯಾದ ಮಾತು, ಕೊನೆಗೆ ಇಲ್ಲಿ ಏನು ಸಿಕ್ಕೀತು ಎಂದು ಲೆಕ್ಕ ಹಾಕಿ ಮೊಟಕು ಮಾಡಿ ಕೇಳಿದ್ದು. "ಪೇಪರ್ ಕೊಡಿ" ಈ ನಾಲ್ಕನೆಯದು. ನಾನು ಅದಕ್ಕೇ ಉತ್ತರ ಕೊಟ್ಟು ಕೈತೊಳೆದುಕೊಂಡಿದ್ದೆ. ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದ ರಂಗನಾಥನ್ 1931ರಲ್ಲಿ ಕೊಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎಂಬುದು. ಪಾಪ, ಆ ಯಜಮಾನರ ಒಂದು ಗಂಟೆ ನನ್ನ ಲೆಕ್ಕಕ್ಕೇ.

ಅದರ ಮೇಲೆ ನಮ್ಮ ಸೀಮೆಯ ಭಾಷೆ ಬೇರೆ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಕಂಪ್ಯೂಟರಿನಲ್ಲಿ ಇಂಗ್ಲಿಷ್. ಆಸ್ತಿ ಹಂಚಿಕೆಯ ಕಾಗದಕ್ಕೆ ಅಜ್ಜ "ಪಾಲುಪಾರಿಖತ್ತು" ಎನ್ನುತ್ತಾರೆ, ದಸ್ತಾವೇಜಿನಲ್ಲಿ "ವಿಭಾಗ ಪತ್ರ" ಎಂದಿರುತ್ತದೆ. ಎರಡೂ ಒಂದೇ ಎಂದು ಕ್ಯಾಟಲಾಗಿಗೆ ಯಾರಾದರೂ ಹೇಳಿಕೊಟ್ಟಿದ್ದರೆ ತಾನೇ ಅದು ಹುಡುಕಿಕೊಡುವುದು? ವಾಚನಾಲಯದಲ್ಲಿ ಜನ ಪಕ್ಕದವರನ್ನು ಕೇಳಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಪಕ್ಕದವರು "ಯಾತಕ್ಕೆ ಬೇಕಿತ್ತು?" ಎಂದು ತಿರುಗಿ ಕೇಳುತ್ತಾರೆ. ಆ ತಿಂಗಳಿಡೀ ನೀವು ಎಷ್ಟು ಜನರನ್ನು ಹಾಗೆ ಕೇಳಿದಿರಿ?

ಗ್ರಂಥಾಲಯಗಳಿಗೆ ಹಣ ಎಲ್ಲಿಂದ ಎಂದೂ ಕೇಳಿದ್ದೀರಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ, ಮುಖ್ಯವಾಗಿ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಸೆಸ್ಸಿನಿಂದ. ಅದು ಹೇಗೆ ತಲುಪುತ್ತದೆ ಎಂಬುದು ಇನ್ನೊಂದು ಸಂಚಿಕೆಗಾಗುವಷ್ಟು ಕಥೆ.

ಪತ್ರದ ಕೊನೆಗೆ ನಮ್ಮ ಹಳೆಯ ದೀಪಾವಳಿ ಸಂಚಿಕೆಯ ಒಂದು ಪ್ರತಿ ಬೇಕೆಂದಿದ್ದೀರಿ. ಇದೆ, ಕಳಿಸೋಣ. ಯಾತಕ್ಕೆ ಬೇಕಿತ್ತು?

- ಸಂ.